ಔರಂಗಜೇಬನ ಬೆಳ್ಳಿ ರೂಪಾಯಿ: ಓದುವುದು, ತೂಗುವುದು, ಕೊಳ್ಳುವ ಮುಂಚೆ ಅನುಮಾನಿಸುವುದು

#1 · ಹೊಸಕಾಸು

ಮೊಘಲರ ಬೆಳ್ಳಿ ನಾಣ್ಯ ಕೂಡಿಡಲು ಹೊರಟವರು ಎಲ್ಲಿಂದ ಹಿಡಿಯಬೇಕು? ಅಕ್ಬರನಿಂದ ಎರಡನೇ ಷಾ ಆಲಂವರೆಗೆ ತಲೆಗೊಂದರಂತೆ ಸೇರಿಸುವುದು ಸುಲಭದ ದಾರಿಯೇ?

ಸದ್ಯ ಕೊಳ್ಳಬೇಕೆಂದಿರುವ ನಾಣ್ಯದ ಚಿತ್ರ ಹಾಕಿದ್ದೇನೆ. ಮಾರುವವರು ಕೊಟ್ಟ ವಿವರ ‘ಔರಂಗಜೇಬ್, ಸೂರತ್, ಹಿಜರಿ 1089’. ತೂಕ 11.44 ಗ್ರಾಂ, ಅಡ್ಡಳತೆ 22 ಮಿ.ಮೀ. ಇನ್ನೊಂದು ಮುಖದಲ್ಲಿ ‘31’ ಎಂದು ಕಾಣುತ್ತದೆ. ಅಂಚಿನ ಹತ್ತಿರ ಉಳಿಯಿಂದ ಕುಟ್ಟಿದಂಥ ಎರಡು ಚಿಕ್ಕ ಗುಂಡಿಗಳಿವೆ. ಪರ್ಷಿಯನ್ ಲಿಪಿ ಬಾರದು. ಅಸಲಿಯೇ? ಆ ಗುಂಡಿಗಳೇನು? ತೊಳೆಯಬಹುದೇ?

#2 · ಶರಾಫಕಟ್ಟೆ

ತಲೆಗೊಂದು ಅನ್ನುವ ಲೆಕ್ಕ ಕಾಗದದ ಮೇಲೆ ಮಾತ್ರ ಚೆಂದ. 1707ರಲ್ಲಿ ಔರಂಗಜೇಬ್ ತೀರಿದ ಮೇಲಿನ ಹದಿಮೂರು ವರ್ಷ ನೋಡಿ: ಆಜಂ ಷಾ, ಕಾಮ್ ಬಕ್ಷ್, ಮೊದಲನೇ ಬಹಾದ್ದೂರ್ ಷಾ, ಜಹಾಂದಾರ್, ಫರ್ರುಖ್‌ಸಿಯರ್, ರಫಿ-ಉದ್-ದರಜಾತ್, ಎರಡನೇ ಷಾ ಜಹಾನ್, ಮುಹಮ್ಮದ್ ಷಾ, ನಡುವೆ ಇಬ್ರಾಹಿಂ ಬೇರೆ. ಇವರಲ್ಲಿ ಅರ್ಧಕ್ಕರ್ಧ ಮಂದಿ ಗದ್ದುಗೆಯಲ್ಲಿದ್ದದ್ದು ತಿಂಗಳ ಲೆಕ್ಕದಲ್ಲಿ. ಅವರ ನಾಣ್ಯ ದುಬಾರಿ. ದುಬಾರಿಯಾದದ್ದನ್ನೇ ಖೋಟಾ ಮಾಡುವವರು ಹುಡುಕುತ್ತಾರೆ. ಆರಂಭದ ಕಡೆಯೂ ತೊಡಕು: ಬಾಬರ್, ಹುಮಾಯೂನ್ ಕಾಲದ ಮುಖ್ಯ ಬೆಳ್ಳಿ ನಾಣ್ಯ ರೂಪಾಯಿಯಲ್ಲ, ಶಾಹರುಖಿ. ತೆಳ್ಳಗೆ, ಅಗಲವಾಗಿ, 4.7 ಗ್ರಾಂ ಆಸುಪಾಸು. ಅದರ ಓದುವ ಕ್ರಮವೇ ಬೇರೆ.

ಒಬ್ಬ ಬಾದಶಹನನ್ನು ಹಿಡಿದು ಕೂರುವುದು ಒಳ್ಳೆಯದು. ಔರಂಗಜೇಬ್ ಆಳಿದ್ದು 1658ರಿಂದ 1707. ನಾಣ್ಯದ ಮೇಲಿನ ಆಳ್ವಿಕೆ ವರ್ಷ, ಅಂದರೆ ಗದ್ದುಗೆ ಏರಿದಂದಿನಿಂದ ಎಣಿಸಿದ ವರ್ಷ, 51ರವರೆಗೂ ಹೋಗುತ್ತದೆ. ಕಾಬೂಲಿನಿಂದ ದಖ್ಖನ್ನಿನವರೆಗೆ ಟಂಕಸಾಲೆಗಳು, ಎಲ್ಲ ಕಡೆಯೂ ಬಹುಪಾಲು ಅದೇ ಬರಹ. ಒಂದು ಸಲ ಓದಲು ಕಲಿತರೆ ಊರಿನ ಹೆಸರು ಮತ್ತು ಎರಡು ಅಂಕಿ ಮಾತ್ರ ಬದಲಾಗುತ್ತವೆ. ಸಾಮಾನ್ಯ ಸೂರತ್ ರೂಪಾಯಿಗೆ ಬೆಳ್ಳಿಯ ತೂಕದ ಬೆಲೆಯೇ ತಳಪಾಯ, ಆದ್ದರಿಂದ ಕಲಿಯುವಾಗ ಎಡವಿದರೂ ಮುಳುಗುವುದಿಲ್ಲ.

ನಿಮ್ಮ ನಾಣ್ಯದ ಬಗ್ಗೆ ಒಂದೇ ಮಾತು. ಆ ‘31’ ಆಳ್ವಿಕೆ ವರ್ಷ; ಹಿಜರಿ 1089 ಮತ್ತು 31 ಒಟ್ಟಿಗೆ ಕೂಡುವುದಿಲ್ಲ. ಯಾವುದೋ ಒಂದನ್ನು ತಪ್ಪು ಓದಿದ್ದಾರೆ.

#3 · ಭೂತಗನ್ನಡಿ

ಓದುವುದನ್ನು ಮೊದಲು ಮುಗಿಸೋಣ. ಪರ್ಷಿಯನ್ ಭಾಷೆ ಬರಬೇಕಿಲ್ಲ, ಹತ್ತು ಅಂಕಿ ಮತ್ತು ಏಳೆಂಟು ಪದದ ಆಕಾರ ಗೊತ್ತಿದ್ದರೆ ಸಾಕು.

ಬಾದಶಹನ ಹೆಸರಿನ ಮುಖದಲ್ಲಿ ಒಂದು ದ್ವಿಪದಿ: ‘ಸಿಕ್ಕಾ ಜದ್ ದರ್ ಜಹಾನ್ ಚು ಬದ್ರ್-ಎ-ಮುನೀರ್, ಷಾ ಔರಂಗಜೇಬ್ ಆಲಂಗೀರ್’. ಹೊಳೆವ ಹುಣ್ಣಿಮೆಯ ಚಂದ್ರನ ಹಾಗೆ ಜಗತ್ತಿನಲ್ಲಿ ನಾಣ್ಯ ಹೊಡೆಸಿದ ಎಂದು ಅರ್ಥ. ಚಿನ್ನದ ಮೊಹರಿನಲ್ಲಿ ‘ಬದ್ರ್’ ಹೋಗಿ ‘ಮಿಹ್ರ್’, ಅಂದರೆ ಸೂರ್ಯ ಬರುತ್ತದೆ. ಬೆಳ್ಳಿಗೆ ಚಂದ್ರ, ಚಿನ್ನಕ್ಕೆ ಸೂರ್ಯ. ಷಾ ಜಹಾನನ ರೂಪಾಯಿಯಲ್ಲಿದ್ದ ಕಲಿಮಾ, ಅಂದರೆ ಇಸ್ಲಾಮಿನ ನಂಬಿಕೆಯ ಘೋಷವಾಕ್ಯ, ಇವನ ನಾಣ್ಯದಲ್ಲಿ ಇಲ್ಲ. ಕಲಿಮಾ ಕಂಡರೆ ಅದು ಈ ಬಗೆಯ ನಾಣ್ಯವಲ್ಲ.

ಇನ್ನೊಂದು ಮುಖದಲ್ಲಿ ‘ಜರ್ಬ್ ಇಂಥ ಊರು, ಸನಹ್ ಇಷ್ಟು, ಜುಲೂಸ್ ಮೈಮನತ್ ಮಾನೂಸ್’. ಶುಭದ ಆಳ್ವಿಕೆಯ ಇಷ್ಟನೇ ವರ್ಷ ಇಂಥ ಊರಿನಲ್ಲಿ ಹೊಡೆದದ್ದು ಎಂದು ಅರ್ಥ. ಇದನ್ನು ಹೆಚ್ಚಿನ ಟಂಕಸಾಲೆಗಳಲ್ಲಿ ಕೆಳಗಿನಿಂದ ಮೇಲಕ್ಕೆ ಓದಬೇಕು. ‘ಜುಲೂಸ್’ ಪದದ ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ನಡುವೆ ಅಡ್ಡಗೆರೆ ಹಾಕಿದ ಹಾಗೆ ಮಾಡಿರುತ್ತಾರೆ. ಆ ಗೆರೆ ಸಿಕ್ಕಿತೆಂದರೆ ನಾಣ್ಯವನ್ನು ನೆಟ್ಟಗೆ ಹಿಡಿದಿದ್ದೀರಿ ಅಂತ ಲೆಕ್ಕ. ಅದರ ಹತ್ತಿರ ಆಳ್ವಿಕೆ ವರ್ಷ. ಎಲ್ಲಕ್ಕಿಂತ ಕೆಳಗೆ ‘ಜರ್ಬ್’, ಪಕ್ಕದಲ್ಲಿ ಊರು. ಹೊಸಬರು ತಲೆಕೆಳಗಾಗಿ ಫೋಟೋ ಹಾಕುವುದೇ ಹೆಚ್ಚು. ನಿಮ್ಮದೂ ಹಾಗೇ ಇದೆ.

ಸೂರತ್ ಎಂಬುದರಲ್ಲಿ ಬಲದಿಂದ ಎಡಕ್ಕೆ ನಾಲ್ಕು ಅಕ್ಷರ. ಸೀನ್: ಬಾಚಣಿಗೆಯ ಮೂರು ಹಲ್ಲು, ಕೆಲವೊಮ್ಮೆ ಹಲ್ಲಿಲ್ಲದ ಉದ್ದ ಗೆರೆ. ವಾವ್: ದುಂಡು ತಲೆ, ಕೆಳಗೆ ಬಾಲ. ರೇ: ಬರೀ ಬಾಲ. ಕೊನೆಗೆ ತೇ: ಅಗಲ ದೋಣಿ, ಮೇಲೆ ಎರಡು ಚುಕ್ಕೆ. ಚುಕ್ಕೆಗಳನ್ನು ನಂಬಬೇಡಿ. ಅಚ್ಚು ಕೆತ್ತುವವರು ಅಕ್ಷರದ ಚುಕ್ಕೆ ಬಿಟ್ಟು, ಖಾಲಿ ಜಾಗಕ್ಕೆ ಅಲಂಕಾರದ ಚುಕ್ಕೆ ಹಾಕಿರುತ್ತಾರೆ.

ಅಂಕಿಗಳಲ್ಲಿ ಮೋಸ ಹೋಗುವ ಜಾಗಗಳು ಇವು. ಸೊನ್ನೆ ಬರೀ ಚುಕ್ಕೆ, ಅಲಂಕಾರದ ಚುಕ್ಕೆಯೊಂದಿಗೆ ಬೆರೆತುಹೋಗುತ್ತದೆ. ಎರಡಕ್ಕೆ ಒಂದು ಕೊಕ್ಕೆ, ಮೂರಕ್ಕೆ ಎರಡು ಕೊಕ್ಕೆ. ಸವೆದರೆ ಮೂರು ಎರಡಾಗುತ್ತದೆ. ಐದು ದುಂಡಗೆ, ಸೊನ್ನೆಯಂತೆ. ಆರು ಇಂಗ್ಲಿಷಿನ ಏಳರಂತೆ. ಏಳು ಮೇಲೆ ಬಾಯ್ತೆರೆದ ಕವೆ, ಎಂಟು ಅದೇ ಕವೆಯನ್ನು ಬೋರಲು ಹಾಕಿದ್ದು. ನಾಣ್ಯ ತಿರುಗಿದರೆ 7 ಮತ್ತು 8 ಅದಲುಬದಲು.

ಇನ್ನೊಂದು, ಎಲ್ಲರೂ ಮುಗ್ಗರಿಸುವುದು ಇಲ್ಲೇ: ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಎಡದಿಂದ ಬಲಕ್ಕೇ ಓದಬೇಕು. ನಿಮ್ಮ ಚಿತ್ರ ತಿರುಗಿಸಿ ನೋಡಿದೆ. ‘10’ ಅಂಚಿನಾಚೆ ಹೋಗಿದೆ, ಉಳಿದದ್ದು ಎರಡೇ ಅಂಕಿ. ಅವು ಎಡದಿಂದ 9, ಆಮೇಲೆ 8. ಮಾರುವವರು ಬಲದಿಂದ ಓದಿ 89 ಮಾಡಿದ್ದಾರೆ.

#4 · ಶರಾಫಕಟ್ಟೆ

ಅದೇ. ತಾಳೆ ನೋಡುವ ಲೆಕ್ಕ ಇಲ್ಲಿದೆ, ಬರೆದಿಟ್ಟುಕೊಳ್ಳಿ. ಔರಂಗಜೇಬನ ಆಳ್ವಿಕೆ ವರ್ಷವನ್ನು ಹಿಜರಿ 1068ರ ರಂಜಾನ್ ತಿಂಗಳಿಂದ ಎಣಿಸುತ್ತಿದ್ದರು. ರಂಜಾನ್ ಒಂಬತ್ತನೇ ತಿಂಗಳು, ಹಿಜರಿ ವರ್ಷ ತಿರುಗುವುದು ಮೊಹರಮ್‌ನಲ್ಲಿ. ಹಾಗಾಗಿ ಹಿಜರಿ ವರ್ಷದಲ್ಲಿ ಆಳ್ವಿಕೆ ವರ್ಷ ಕಳೆದರೆ 1067 ಅಥವಾ 1068 ಬರಬೇಕು. 1098ರಲ್ಲಿ 31 ಕಳೆದರೆ 1067, ಸರಿ. 1089ರಲ್ಲಿ 31 ಕಳೆದರೆ 1058, ತಪ್ಪು.

ಉಳಿಕೆ ಸರಿಬಾರದಿದ್ದರೆ ಮೂರರಲ್ಲಿ ಒಂದು: ಓದು ತಪ್ಪು, ಟಂಕಸಾಲೆಯವರು ಹಳೆಯ ಅಚ್ಚಿನ ಜೊತೆ ಹೊಸದನ್ನು ಬೆರೆಸಿ ಹೊಡೆದಿದ್ದಾರೆ, ಇಲ್ಲವೇ ನಾಣ್ಯವೇ ಖೋಟಾ. ಹತ್ತಕ್ಕೆ ಒಂಬತ್ತು ಸಲ ಓದು ತಪ್ಪಿರುತ್ತದೆ. ಮೊದಲ ವರ್ಷಕ್ಕೆ ಅಂಕಿ ಇರುವುದಿಲ್ಲ, ‘ಅಹದ್’ ಎಂಬ ಪದ ಇರುತ್ತದೆ.

ಮುಹಮ್ಮದ್ ಷಾಗೆ ಇದೇ ಲೆಕ್ಕದಲ್ಲಿ ಉಳಿಕೆ 1130 ಅಥವಾ 1131.

ಇಂಗ್ಲಿಷ್ ವರ್ಷ ಬೇಕಾದರೆ ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿ. ಒಂದು ವರ್ಷ ಆಚೀಚೆ ಆಗಬಹುದು, ಅಷ್ಟೇ. ಅಕ್ಬರನ ಇಲಾಹಿ ಶಕೆಯ ನಾಣ್ಯಕ್ಕೆ ಈ ಸೂತ್ರ ಹಚ್ಚಬೇಡಿ. ಅದು ಸೌರಮಾನ, 1556ರಿಂದ ಎಣಿಕೆ.

#5 · ಹೊಸಕಾಸು

ಅಂಕಿ ತಿರುಗಿಸಿ ನೋಡಿದೆ, 98 ಸರಿ. ತೂಕ 11.44 ಸಾಕೇ? ಇನ್ನೊಬ್ಬರ ಹತ್ತಿರ 10.7 ಗ್ರಾಮಿನದು ಕಡಿಮೆ ಬೆಲೆಗೆ ಇದೆ, ‘ಸವೆದಿದೆ ಅಷ್ಟೇ’ ಅನ್ನುತ್ತಾರೆ.

#6 · ತಕ್ಕಡಿ

11.44 ಒಳ್ಳೆಯ ತೂಕ. ಔರಂಗಜೇಬನ ರೂಪಾಯಿ ಸಾಮಾನ್ಯವಾಗಿ 11.3ರಿಂದ 11.6 ಗ್ರಾಂ. ಚೆನ್ನಾಗಿ ಚಲಾವಣೆಯಾಗಿ ಸವೆದದ್ದು 11.1, 11.0ಕ್ಕೆ ಇಳಿಯಬಹುದು. ಅರ್ಧ ರೂಪಾಯಿ 5.7, ಕಾಲು 2.8 ಆಸುಪಾಸು. 10.7ಕ್ಕೆ ಸವೆದಿದ್ದರೆ ಅಕ್ಷರಗಳ ಏಣು ಪೂರ್ತಿ ಮಟ್ಟಸವಾಗಿರಬೇಕು. ಅಕ್ಷರ ಎದ್ದು ನಿಂತಿದ್ದೂ ತೂಕ ಕಡಿಮೆ ಅಂದರೆ ಎರಡು ಸಾಧ್ಯತೆ: ಅಂಚು ಕತ್ತರಿಸಿದ್ದಾರೆ, ಅಥವಾ ಅದು ಬೆಳ್ಳಿಯಲ್ಲ. ತೂಕ ಜಾಸ್ತಿ ಬಂದರೂ ಖುಷಿಪಡಬೇಡಿ. ಸರಕ್ಕೆ ಪೋಣಿಸಲು ಹಾಕಿದ್ದ ಕೊಂಡಿಯ ಬೆಸುಗೆ ಉಳಿದಿರಬಹುದು. ನಿಜವಾದ ಭಾರದ ರೂಪಾಯಿ ಹೊಡೆಸಿದವನು ಜಹಾಂಗೀರ್, ಮೊದಲ ಐದಾರು ವರ್ಷ: ಶೇ 20 ಹೆಚ್ಚಿನದು ಸುಮಾರು 13.6 ಗ್ರಾಂ, ಶೇ 25 ಹೆಚ್ಚಿನದು ಸುಮಾರು 14.3. ಔರಂಗಜೇಬನ ಹೆಸರಿನಲ್ಲಿ ಅಂಥ ತೂಕ ಕಂಡರೆ ಕೈಬಿಡಿ.

ತೂಕ ಒಂದೇ ಸಾಲದು, ಸಾಂದ್ರತೆ ನೋಡಬೇಕು. ಬೇಕಾದದ್ದು 0.01 ಗ್ರಾಂ ತೋರಿಸುವ ತಕ್ಕಡಿ, ಸಣ್ಣ ಲೋಟ, ಹೊಲಿಗೆ ದಾರ.

ನಾಣ್ಯವನ್ನು ಒಣಗಿದ್ದಾಗಲೇ ತೂಗಿ ಬರೆದುಕೊಳ್ಳಿ. ಲೋಟಕ್ಕೆ ಮುಕ್ಕಾಲು ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಪಾತ್ರೆ ತೊಳೆಯುವ ದ್ರವ ಒಂದು ತೊಟ್ಟು ಹಾಕಿದರೆ ಗುಳ್ಳೆ ಅಂಟುವುದಿಲ್ಲ. ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರಿನೊಳಗೆ ಪೂರ್ತಿ ಮುಳುಗಿಸಿ, ತಳಕ್ಕೂ ಬದಿಗೂ ತಾಗಬಾರದು. ಈಗ ತಕ್ಕಡಿ ತೋರಿಸುವ ಗ್ರಾಂ ಎಂದರೆ ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ.

11.44 ಗ್ರಾಮಿನ ನಾಣ್ಯಕ್ಕೆ 1.10 ಬಂದರೆ 10.40. ಶುದ್ಧ ಬೆಳ್ಳಿ 10.49, ಮೊಘಲ್ ರೂಪಾಯಿ ತಾಮ್ರದ ಅಲ್ಪ ಬೆರಕೆಯಿಂದ 10.3, 10.4ರ ಸುತ್ತ ನಿಲ್ಲುತ್ತದೆ. ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ ತಾಮ್ರ, ನಿಕ್ಕಲ್, ಸತುವಿನ ಬೆರಕೆ) 8.7ರ ಹತ್ತಿರ, ತವರದ ಬಿಳಿ ಲೋಹ 7.3 ಚಿಲ್ಲರೆ. ನೆನಪಿಡಿ, 0.01 ಗ್ರಾಂ ಏರುಪೇರಾದರೆ ಉತ್ತರ 0.1 ಜಾರುತ್ತದೆ: 1.09ಕ್ಕೆ 10.50, 1.11ಕ್ಕೆ 10.31. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಕಾಲು ರೂಪಾಯಿಗೆ ಈ ತಕ್ಕಡಿ ಸಾಲದು, 0.001 ಗ್ರಾಮಿನದೇ ಬೇಕು.

ಅಯಸ್ಕಾಂತಕ್ಕೆ ಅಂಟಲಿಲ್ಲ ಅಂತ ಮಾರುವವರು ತೋರಿಸಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಜರ್ಮನ್ ಸಿಲ್ವರೂ ಅಂಟುವುದಿಲ್ಲ.

#7 · ಅಂಚುನೋಡು

ಸಾಂದ್ರತೆ ಸರಿ ಇದ್ದೂ ಖೋಟಾ ಆಗಿರಬಹುದು, ಯಾಕೆಂದರೆ ಬೆಳ್ಳಿಯಲ್ಲೇ ಖೋಟಾ ಮಾಡುತ್ತಾರೆ. ಅಸಲಿ ನಾಣ್ಯ ಮಾಡಲು ಬೆಳ್ಳಿ ಬಿಲ್ಲೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಲೋಹ ನಡುವಿನಿಂದ ಹೊರಕ್ಕೆ ಹರಿದ ಸಣ್ಣ ಗೆರೆಗಳು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಅಕ್ಷರದ ಬುಡದಲ್ಲಿ ಕಾಣುತ್ತವೆ. ಅಂಚಿನಲ್ಲಿ ಬಿರುಕು, ಸುತ್ತಿಗೆಯಿಂದ ತಟ್ಟಿದ ಚಪ್ಪಟೆ ಜಾಗ. ಬಿಲ್ಲೆಗಿಂತ ಅಚ್ಚು ದೊಡ್ಡದು, ಹಾಗಾಗಿ ಬರಹದ ಒಂದು ಭಾಗ ಯಾವಾಗಲೂ ಹೊರಗೆ ಹೋಗಿರುತ್ತದೆ.

ಎರಕದ ಖೋಟಾದಲ್ಲಿ ಅಕ್ಷರದ ಅಂಚು ಸೋಪು ಸವೆದ ಹಾಗೆ ಮೆತ್ತಗೆ. ಮೈಮೇಲೆ ಗುಳ್ಳೆಯ ಸೂಜಿಮೊನೆ ತೂತು. ಅಂಚಿನ ಸುತ್ತ ಅಚ್ಚಿನ ಎರಡು ಅರ್ಧ ಸೇರಿದ ಗೆರೆ, ಅದನ್ನು ಅರದಿಂದ ಉಜ್ಜಿ ಮರೆಮಾಡಿದ ಗುರುತು. ಇವೆಲ್ಲಕ್ಕಿಂತ ಗಟ್ಟಿ ಸಾಕ್ಷಿ: ಎರಡು ನಾಣ್ಯದಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು, ಚಿನಿವಾರರು ಒತ್ತಿದ ಒಂದೇ ಸರಾಫ ಮುದ್ರೆ. ಒಂದೇ ಅಚ್ಚಿನಿಂದ ಎರಡು ಅಸಲಿ ಹುಟ್ಟಬಹುದು, ಆದರೆ ಒಂದೇ ಗಾಯ ಎರಡಕ್ಕೂ ಆಗುವುದಿಲ್ಲ. ಮಾರುವವರ ಬೇರೆ ಚಿತ್ರಗಳನ್ನೂ ಜಾಲಾಡಿ.

ಖೋಟಾ ಹೆಚ್ಚಿರುವುದು ಮೂರು ಕಡೆ. ಜಹಾಂಗೀರನ ರಾಶಿಚಕ್ರದ ರೂಪಾಯಿ: ಅಸಲಿ ಬಹುಪಾಲು ಅಹಮದಾಬಾದಿನದು, ಹಿಜರಿ 1027ರ ಸುಮಾರಿಗೆ. ಪ್ರವಾಸಿ ತಾಣದ ತಳ್ಳುಗಾಡಿಯಲ್ಲಿ ಸಿಂಹವೋ ಟಗರೋ ಇರುವ ‘ಮೊಘಲ್ ನಾಣ್ಯ’ ಕಂಡರೆ ಮಾತಾಡುವುದೇ ಬೇಡ. ನೂರ್ ಜಹಾನ್ ಹೆಸರಿನವು ಎರಡನೆಯದು. ಮೂರನೆಯದು ಅಕ್ಬರನ ಚೌಕ ರೂಪಾಯಿ. ಕಲಿಮಾ ಇರುವ ಚೌಕದ ತಾಯಿತದ ಬಿಲ್ಲೆಗಳನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ. ಅವುಗಳಲ್ಲಿ ಎಲ್ಲವೂ ಮೋಸಕ್ಕೆಂದು ಮಾಡಿದವಲ್ಲ, ಆದರೆ ನಾಣ್ಯವೂ ಅಲ್ಲ. ಬರಹ ನಾಲ್ಕೂ ಮೂಲೆಗೆ ಪೂರ್ತಿ ಕೂತಿದ್ದರೆ, ತೂಕ ಅಡ್ಡಾದಿಡ್ಡಿ ಇದ್ದರೆ ಬಿಟ್ಟುಬಿಡಿ.

#8 · ಭೂತಗನ್ನಡಿ

ಚಿನ್ನಬೆಳ್ಳಿ ಅಂಗಡಿ ಬೀದಿಯಲ್ಲಿ ಎಕ್ಸ್‌ರೇ ಯಂತ್ರದಿಂದ ಶುದ್ಧತೆ ನೋಡಿಕೊಡುತ್ತಾರೆ, ನಾಣ್ಯಕ್ಕೆ ಏನೂ ಆಗುವುದಿಲ್ಲ. ಚೀಟಿಯಲ್ಲಿ ಬೆಳ್ಳಿಯ ಶೇಕಡಾಕ್ಕಿಂತ ಉಳಿದದ್ದನ್ನು ನೋಡಿ. ಹಳೆಯ ಬೆಳ್ಳಿಯಲ್ಲಿ ಚಿನ್ನ ಮತ್ತು ಸೀಸದ ಸುಳಿವು ಇರುತ್ತದೆ, ಅಂದಿನ ಶುದ್ಧೀಕರಣಕ್ಕೆ ಅದನ್ನು ತೆಗೆಯಲು ಆಗುತ್ತಿರಲಿಲ್ಲ. ಚಿನ್ನವೇ ಇಲ್ಲದ ಬೆಳ್ಳಿಯ ಜೊತೆ ಸತು ಅಥವಾ ಕ್ಯಾಡ್ಮಿಯಂ ಕಂಡರೆ ಅದು ಈ ಕಾಲದ ಲೋಹ. ಹಳೆಯ ಸವಕಲು ನಾಣ್ಯ ಕರಗಿಸಿ ಎರಕ ಹೊಯ್ದಿದ್ದರೆ ಈ ಪರೀಕ್ಷೆಗೂ ಸಿಗುವುದಿಲ್ಲ, ಆಗ ಅಂಚುನೋಡು ಹೇಳಿದ್ದೇ ಗತಿ. ಯಂತ್ರ ಮೇಲ್ಪದರವನ್ನಷ್ಟೇ ಓದುತ್ತದೆ, ಬೆಳ್ಳಿ ಲೇಪದ ತಾಮ್ರವೂ ಪಾಸಾಗಬಹುದು. ಆದ್ದರಿಂದ ಇದು ಮತ್ತು ನೀರಿನ ಪರೀಕ್ಷೆ ಎರಡೂ ಬೇಕು.

ಒರೆಗಲ್ಲಿಗೆ ಉಜ್ಜಿ ಆಮ್ಲದ ತೊಟ್ಟು ಬಿಡಲು ಮಾತ್ರ ಕೊಡಬೇಡಿ.

#9 · ಶರಾಫಕಟ್ಟೆ

ಅಂಚಿನ ಗುಂಡಿಗಳ ಬಗ್ಗೆ. ಅವು ಸರಾಫ ಮುದ್ರೆ, ಅಂದರೆ ಚಿನಿವಾರರು ಪರೀಕ್ಷಿಸಿ ಒತ್ತಿದ ಗುರುತು. ಆ ವರ್ಷ ಟಂಕಿಸಿದ ರೂಪಾಯಿಗೆ ಪೂರ್ಣ ಬೆಲೆ. ವರ್ಷ ಹಳೆಯದಾದಂತೆ, ತೂಕ ಸರಿ ಇದ್ದರೂ, ವಟ್ಟ ಹಿಡಿಯುತ್ತಿದ್ದರು, ಅಂದರೆ ಬೆಲೆಯಲ್ಲಿ ಕಡಿತ ಮಾಡುತ್ತಿದ್ದರು. ನಾಣ್ಯ ಸರಾಫನ ಕಟ್ಟೆಗೆ ಹೋದಾಗಲೆಲ್ಲ ಒಂದು ಹೊಡೆತ. ನಕ್ಷತ್ರ, ಹೂವು, ಚುಕ್ಕೆ, ಬರೀ ಉಳಿ ಗುರುತು, ಏನಾದರೂ ಇರಬಹುದು. ಸಂಗ್ರಹದ ಬೆಲೆ ಇಳಿಯುತ್ತದೆ. ಅಸಲಿ ಅನ್ನುವುದಕ್ಕೆ ಕಳಂಕವಲ್ಲ. ಎರಡು ಮುದ್ರೆ, ಅದೂ ಅಂಚಿನಲ್ಲಿ, ಊರಿನ ಹೆಸರು ಮುಟ್ಟದೆ ಇದ್ದರೆ ಚೌಕಾಸಿಗೆ ಒಳ್ಳೆಯ ನೆಪ.

ನಿಜವಾಗಿ ಬೆಲೆ ಕೆಡಿಸುವುದು ಕೊಂಡಿ. ಸರಕ್ಕೆ ಪೋಣಿಸಲು ಬೆಸೆದು, ಆಮೇಲೆ ಕಿತ್ತು ಉಜ್ಜಿರುತ್ತಾರೆ. ಗಡಿಯಾರದ ಹನ್ನೆರಡರ ಜಾಗದಲ್ಲಿ ಅಂಚು ನೋಡಿ: ಬೂದು ಬಣ್ಣದ ತೇಪೆ, ಅರದ ಗೆರೆ, ಸುತ್ತಲಿಗಿಂತ ಹೊಳಪು. ಅಕ್ಷರದ ಸಂದಿಯಲ್ಲಿ ಹಳದಿ ಉಳಿದಿದ್ದರೆ ಚಿನ್ನದ ನೀರು ಹಾಕಿಸಿದ್ದರು ಎಂದು.

#10 · ಸಗರನಾಡು

ಎಲ್ಲರೂ ಸೂರತ್, ಸೂರತ್ ಅಂತೀರಿ. ನಮ್ಮ ಕಡಿ ಟಂಕಸಾಲಿ ಏನ್ ಕಡಿಮಿ ಅವ್ವೇನ್ರಿ? ಕನ್ನಡ ನಾಡಿನ ಹೆಸರಿರೋ ರೂಪಾಯಿಗಳನ್ನ ಒಂದು ಸಾಲು ಕೂಡಿಸೋದು ಛಲೋ ಗುರಿ. ಆದರ ಊರಿನ ಹೆಸರು ಮೊಘಲರು ಬದಲಾಯಿಸಿದ್ದು ಗೊತ್ತಿರಬೇಕು.

ಬಿಜಾಪುರ ನಾಣ್ಯದ ಮ್ಯಾಲೆ ‘ದಾರ್-ಉಜ್-ಜಫರ್ ಬಿಜಾಪುರ್’. ಕಲಬುರಗಿ ಅಂದ್ರ ‘ಅಹ್ಸನಾಬಾದ್’. ಬೀದರ್ ‘ಜಫರಾಬಾದ್’, 1657ರಾಗ ಔರಂಗಜೇಬ್ ಗೆದ್ದ ಮ್ಯಾಲಿನ ಹೆಸರು. ನಮ್ಮ ಯಾದಗಿರಿ ಕಡಿ ಸಗರ ‘ನುಸ್ರತಾಬಾದ್’. ಬೆಳಗಾವಿ ‘ಆಜಂನಗರ್’. ತೊರಗಲ್ ಮಾತ್ರ ತೊರಗಲ್ಲೇ. ಪಕ್ಕದ ಆದೋನಿ ‘ಇಮ್ತಿಯಾಜ್‌ಗಢ’.

ಎಡವೋದು ಇಲ್ಲಿ ನೋಡ್ರಿ. ‘ಜಫರ್’ ಅಂತ ಕಂಡ ಕೂಡಲೇ ಬೀದರ್ ಅನ್ನಬ್ಯಾಡ್ರಿ. ಹಿಂದ ‘ದಾರ್’ ಇದ್ರ ಬಿಜಾಪುರ, ಮುಂದ ‘ಆಬಾದ್’ ಇದ್ರ ಬೀದರ್. ಬಿಲ್ಲೆ ಸಣ್ಣದಾಗಿ ಎರಡೂ ಕಡಿ ಕತ್ತರಿಸಿ ಹೋಗಿದ್ರ ಹೇಳಲಿಕ್ಕೆ ಬರೂದಿಲ್ಲ, ಅಂಥದಕ್ಕ ಅಪರೂಪದ ಬೆಲಿ ಕೊಡಬ್ಯಾಡ್ರಿ. ‘ಅಹ್ಸನಾಬಾದ್’ ಬಹಮನಿ ಸುಲ್ತಾನರ ನಾಣ್ಯದ ಮ್ಯಾಲೂ ಅದ, ಹೆಸರು ಕಂಡು ಮೊಘಲ್ ಅನ್ನೋಹಂಗಿಲ್ಲ.

#11 · ಕೃಷ್ಣಾತೀರ

ಇದಕ್ಕೆ ವರ್ಷದ ತಾಳೆಯನ್ನೂ ಸೇರಿಸಿ. ಬಿಜಾಪುರದ ಕೋಟೆ ಬಿದ್ದದ್ದು 1686ರ ಸೆಪ್ಟೆಂಬರ್, ಅಂದರೆ ಹಿಜರಿ 1097ರ ಕೊನೆ, ಆಳ್ವಿಕೆಯ 30ನೇ ವರ್ಷ. ಬಿಜಾಪುರದ ರೂಪಾಯಿಯಲ್ಲಿ ನಿಮಗೆ 12 ಅಥವಾ 23 ಕಂಡರೆ ಮೊದಲು ನಿಮ್ಮ ಓದನ್ನು ಅನುಮಾನಿಸಿ. 32ರಲ್ಲಿ ಕೊಕ್ಕೆ ಎಣಿಸುವುದು ತಪ್ಪಿರುತ್ತದೆ, ಇಲ್ಲವೇ ಅಂಕಿ ಹಿಂದುಮುಂದಾಗಿರುತ್ತದೆ.

ದಕ್ಷಿಣದ ಟಂಕಸಾಲೆಗಳ ರೂಪಾಯಿ ಕಡಿಮೆ ಸಿಗುವುದಕ್ಕೆ ಕಾರಣ ಸರಳ. ತುಂಗಭದ್ರೆಯ ಈಚೆಗೆ ವ್ಯವಹಾರ ನಡೆಯುತ್ತಿದ್ದುದು ‘ವರಹ’ ಮತ್ತು ‘ಹಣ’ ಎಂಬ ನಾಣ್ಯಗಳಲ್ಲಿ, ಅಂದರೆ ಚಿನ್ನದಲ್ಲಿ. ಬೆಳ್ಳಿ ರೂಪಾಯಿ ಸೈನ್ಯದ ಸಂಬಳದ ಜೊತೆ ಬಂದ ಪದ್ಧತಿ. ಆದೋನಿಯಲ್ಲಂತೂ ಮೊಘಲ್ ಬಾದಶಹರ ಹೆಸರಿನಲ್ಲೇ ಚಿನ್ನದ ಪಗೋಡ, ಅಂದರೆ ವರಹ, ಹೊಡೆಯಬೇಕಾಯಿತು.

ಸಾಲಿನ ಮುಕುಟ ಬೇಕಿದ್ದರೆ ಕಾಮ್ ಬಕ್ಷ್. ಔರಂಗಜೇಬನ ಕಿರಿಯ ಮಗ, 1707ರಿಂದ 1709ರ ಜನವರಿವರೆಗೆ ಬಿಜಾಪುರ, ಹೈದರಾಬಾದ್ ಕಡೆ ಬಾದಶಹ ಅನ್ನಿಸಿಕೊಂಡವನು. ಅವನ ದ್ವಿಪದಿ ಶುರುವಾಗುವುದೇ ‘ದರ್ ದಖನ್’ ಎಂದು. ‘ದಖನ್’ ಓದಲು ಬಂದರೆ ಸಾಕು, ಬೇರೆಯವರಿಗೆ ತಿಳಿಯುವ ಮುಂಚೆ ನಿಮಗೆ ತಿಳಿಯುತ್ತದೆ.

#12 · ಶರಾಫಕಟ್ಟೆ

ಆಜಂ ಷಾನನ್ನೂ ಇಲ್ಲೇ ಹೇಳಿಬಿಡಬೇಕು. ಅವನ ದ್ವಿಪದಿಯ ಆರಂಭವೂ ‘ಸಿಕ್ಕಾ ಜದ್ ದರ್ ಜಹಾನ್’, ಅಪ್ಪನದೇ ಮಾತು. ಮುಂದೆ ‘ಬ-ದೌಲತ್-ಒ-ಜಾಹ್’ ಎಂದು ಬದಲಾಗುತ್ತದೆ. ಆಳಿದ್ದು 1707ರ ಮಾರ್ಚ್‌ನಿಂದ ಜೂನ್. ಹೀಗಾಗಿ ಔರಂಗಜೇಬ್ ಎಂದು ಚೀಟಿ ಅಂಟಿಸಿದ ಗುಡ್ಡೆಯಲ್ಲಿ ಹಿಜರಿ 1118 ಅಥವಾ 1119 ಇದ್ದು, ಆಳ್ವಿಕೆ ವರ್ಷ 50, 51ರ ಬದಲು ‘ಅಹದ್’ ಇರುವುದು ಸಿಕ್ಕರೆ ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಪಕ್ಕಕ್ಕಿಡಿ.

#13 · ತಕ್ಕಡಿ

ನಮ್ಮ ಕಡೆ ಇನ್ನೊಂದು ಗೊಂದಲ ದಿನಾ ಬರುತ್ತದೆ: ‘ಆಲಂಗೀರ್’ ಎಂದು ಓದಿ ಔರಂಗಜೇಬ್ ಅನ್ನುವುದು. ಆಲಂಗೀರ್ ಇಬ್ಬರು. ಎರಡನೆಯವನು ಅಜೀಜ್-ಉದ್-ದೀನ್, 1754ರಿಂದ 1759. ಅವನು ಸತ್ತ ಎಷ್ಟೋ ವರ್ಷದ ಮೇಲೂ ಈಸ್ಟ್ ಇಂಡಿಯಾ ಕಂಪನಿ ಮದರಾಸಿನಲ್ಲಿ ಅವನ ಹೆಸರಿನಲ್ಲೇ ಆರ್ಕಾಟ್ ರೂಪಾಯಿ ಹೊಡೆಯಿತು, ಹಿಜರಿ 1172, ಆಳ್ವಿಕೆ ವರ್ಷ 6 ಎಂದು ಅಂಕಿ ಹಾಗೇ ನಿಲ್ಲಿಸಿಕೊಂಡು. ದುಂಡಗೆ, ಅಂಚಿಗೆ ಗೆರೆ ಕೊರೆದು, ಯಂತ್ರದಲ್ಲಿ ಒತ್ತಿದಂತೆ ಇದ್ದರೆ ಅದು ಹತ್ತೊಂಬತ್ತನೇ ಶತಮಾನದ ಕಂಪನಿ ಸರಕು. ಬಂಗಾಳದಲ್ಲಿ ಷಾ ಆಲಂ ಹೆಸರು, ವರ್ಷ 19. ಅದೂ ಇದೇ ಜಾತಿ. ಕೆಟ್ಟ ನಾಣ್ಯಗಳಲ್ಲ, ಆದರೆ ಮೊಘಲ್ ಬೆಲೆ ತೆರಬೇಡಿ.

#14 · ಹೊಸಕಾಸು

ನೀರಿನ ಪರೀಕ್ಷೆ ಮೂರು ಸಲ ಮಾಡಿಸಿದೆ: 1.10, 1.10, 1.11. ಅಂಚಿನಲ್ಲಿ ಗೆರೆ ಇಲ್ಲ, ಎರಡು ಸಣ್ಣ ಬಿರುಕು ಇವೆ. ಮೈ ಕಪ್ಪಗಿದೆ, ಸಂದಿಯಲ್ಲಿ ಹಸಿರು. ಹುಣಸೆಹಣ್ಣಿನಲ್ಲಿ ತಿಕ್ಕಬಹುದೇ?

#15 · ಅಂಚುನೋಡು

ಬೇಡ. ಹುಣಸೆಹಣ್ಣು, ನಿಂಬೆ, ಟೂತ್‌ಪೇಸ್ಟ್, ಪಾತ್ರೆ ತಿಕ್ಕುವ ಪುಡಿ, ಯಾವುದೂ ಬೇಡ. ಕಪ್ಪು ಅನ್ನುವುದು ಬೆಳ್ಳಿಯ ಸಲ್ಫೈಡ್, ತೆಳುವಾದ ಗಟ್ಟಿ ಪದರ. ಉಜ್ಜಿದರೆ ಅದರ ಜೊತೆ ಅಕ್ಷರದ ಏಣೂ ಹೋಗುತ್ತದೆ, ಬೋಳಾದ ಬಿಳಿ ಮೈಯಲ್ಲಿ ಕೂದಲಿನಂಥ ಗೀರು ಉಳಿಯುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡದ ಉಪಾಯ ಉಜ್ಜುವುದಕ್ಕಿಂತ ವಾಸಿ ಅನ್ನುತ್ತಾರೆ, ಆದರೂ ಮೈ ಸುಣ್ಣ ಬಳಿದ ಹಾಗೆ ಮಂಕಾಗುತ್ತದೆ. ಬಿಳಿಚಿಕೊಂಡ ರೂಪಾಯಿಗೆ ಅನುಭವಿ ಕೊಳ್ಳುಗರು ಕಡಿಮೆ ಕೊಡುತ್ತಾರೆ.

ಹಸಿರು ಎರಡು ಬಗೆ. ಗಟ್ಟಿಯಾಗಿ ಪುಡಿಯಂತೆ ಇದ್ದರೆ ತಾಮ್ರದ ಕಿಲುಬು. ಡಿಸ್ಟಿಲ್ಡ್ ನೀರಿನಲ್ಲಿ ಎರಡು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಅಂಟಂಟಾಗಿ ಜಿಡ್ಡಿನಂತೆ ಇದ್ದರೆ ಅದು ನಾಣ್ಯ ಇಟ್ಟಿದ್ದ ಪಿವಿಸಿ ಪ್ಲಾಸ್ಟಿಕ್ ಕವರಿನಿಂದ ಬಂದದ್ದು. ಶುದ್ಧ ಅಸಿಟೋನ್‌ನಲ್ಲಿ, ಗಾಜಿನ ಬಟ್ಟಲಲ್ಲಿ ಹತ್ತು ನಿಮಿಷ. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಸೇರಿರುತ್ತದೆ, ಅದು ಆಗದು. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ.

#16 · ಭೂತಗನ್ನಡಿ

ನೆಲದಿಂದ ಬಂದ ನಾಣ್ಯದಲ್ಲಿ ಬೂದು-ಕಂದು ಮೇಣದಂಥ ಪೊರೆ ಇದ್ದರೆ ಅದು ಬೆಳ್ಳಿ ಕ್ಲೋರೈಡ್. ಅಸಿಟೋನ್‌ಗೆ ಹೋಗುವುದಿಲ್ಲ. ಸೋಡಿಯಂ ಥಯೋಸಲ್ಫೇಟ್ ದ್ರಾವಣ, ಅಂದರೆ ಹಳೇ ಫೋಟೋ ಸ್ಟುಡಿಯೋಗಳ ಹೈಪೊ, ಅದನ್ನು ಕರಗಿಸುತ್ತದೆ. ಊರಿನ ಹೆಸರು ಮುಚ್ಚಿಹೋಗಿದ್ದರೆ ಮಾಡಬಹುದು.

#17 · ಅಂಚುನೋಡು

ಒಪ್ಪುವುದಿಲ್ಲ. ಆ ಪೊರೆಯೇ ನಾಣ್ಯದ ಮೈಯಾಗಿ ಹೋಗಿರುತ್ತದೆ. ಕರಗಿಸಿದ ಮೇಲೆ ಕೆಳಗೆ ಸಿಗುವುದು ಸಿಡುಬಿನ ಕಲೆಯಂಥ ಗುಳಿ, ಅಕ್ಷರವಲ್ಲ. ಪಕ್ಕದಿಂದ ಟಾರ್ಚ್ ಬಿಟ್ಟು, ನಾಲ್ಕು ದಿಕ್ಕಿನಿಂದ ಫೋಟೋ ತೆಗೆದರೆ ಪೊರೆಯ ಮೇಲೇ ಅರ್ಧ ಓದಬಹುದು. ಹೊಸಬರು ಹೈಪೊ ಮುಟ್ಟುವುದು ಬೇಡ.

#18 · ತಕ್ಕಡಿ

ಇಡುವ ವಿಷಯ ಚಿಕ್ಕದಾಗಿ. ಮೆತ್ತನೆಯ, ಪ್ಲಾಸ್ಟಿಕ್ ವಾಸನೆ ಹೊಡೆಯುವ ಕವರು ಪಿವಿಸಿ, ಬಿಸಾಡಿ. ಪಾಲಿಯೆಸ್ಟರ್ ಕಿಟಕಿಯ ಎರಡಿಂಚಿನ ರಟ್ಟಿನ ಹೋಲ್ಡರ್ ತನ್ನಿ. ರೂಪಾಯಿ ದಪ್ಪ ಇರುವುದರಿಂದ ರಟ್ಟು ಬಿಗಿಯುತ್ತದೆ, ಸ್ಟೇಪಲ್ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು. ಹೋಲ್ಡರ್ ಮೇಲೆ ಟಂಕಸಾಲೆ, ಎರಡೂ ವರ್ಷ, ತೂಕ, ಕೊಂಡ ದಿನ ಬರೆಯಿರಿ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಸುದ್ದಿಕಾಗದ ಹತ್ತಿರ ಸುಳಿಯಬಾರದು, ಕಪ್ಪು ಬೇಗ ಹತ್ತುತ್ತದೆ. ಮಂಗಳೂರು, ಕಾರವಾರದ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಹರಳಿನ ಬಣ್ಣ ಬದಲಾದಾಗ ಒಣಗಿಸಿ.

#19 · ದೂರದೇಶ

ನಾವು ಇಂಗ್ಲೆಂಡಿನಲ್ಲಿದ್ದೇವೆ. ಊರಿಗೆ ಬಂದಾಗ ಎರಡು ಕೊಂಡು ಬ್ಯಾಗಿನಲ್ಲಿ ಹಾಕಿಕೊಂಡು ಬರಬಹುದಾ?

#20 · ಕೃಷ್ಣಾತೀರ

ಬರುವಂತಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದು ಅಪರಾಧ, ಒಂದಾದರೂ ಅಷ್ಟೇ, ಹತ್ತಾದರೂ ಅಷ್ಟೇ. ಅಂಚೆಯಲ್ಲಿ ಕಳಿಸುವುದಕ್ಕೂ ಇದೇ ಮಾತು. ಮೊಘಲ್ ರೂಪಾಯಿ ಲಂಡನ್ ಹರಾಜುಗಳಲ್ಲೂ ಬರುತ್ತದೆ, ಅಲ್ಲೇ ಕೊಂಡು ಅಲ್ಲೇ ಇಟ್ಟುಕೊಳ್ಳಿ.

ದೇಶದೊಳಗೆ ಪ್ರಾಚ್ಯವಸ್ತು ಮಾರುವುದನ್ನು ವ್ಯಾಪಾರ ಮಾಡಿಕೊಂಡವರಿಗೆ ಪರವಾನಗಿ ಬೇಕು. ಕೊಳ್ಳುವವರು ರಸೀದಿ ಕೇಳಬೇಕು, ಚಿತ್ರ ಮತ್ತು ತೂಕ ನಮೂದಿಸಿದ ರಸೀದಿ. ಇನ್ನು ‘ಹೊಲದಲ್ಲಿ ಮಡಕೆ ಸಿಕ್ಕಿತು’ ಅನ್ನುವ ಕಥೆ ಕಟ್ಟಿ ಮಾರಲು ಬಂದರೆ ಎರಡೇ ಅರ್ಥ. ಕಥೆ ಸುಳ್ಳಾದರೆ ಸರಕು ಖೋಟಾ. ನಿಜವಾದರೆ ಅದು ನಿಧಿ, 1878ರ ನಿಧಿ ಕಾಯ್ದೆಯ ಕಾಲದಿಂದಲೂ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಲೇಬೇಕಾದದ್ದು.

#21 · ಸಗರನಾಡು

ಮಡಕಿ ಕಥಿ ಹೇಳೋರ ಸರಕು ನೂರಕ್ಕ ತೊಂಬತ್ತೊಂಬತ್ತು ಎರಕದ್ದೇ. ಮಣ್ಣು ಸುದ್ದಾ ಹಚ್ಚಿರ್ತಾರ. ಬೆರಳಿಗೆ ನೀರು ಹಚ್ಚಿ ಒರಸ್ರಿ, ಅಂಟು ಹಾಕಿ ಕೂಡಿಸಿದ ಮಣ್ಣು ಜಿಗಿ ಬರ್ತದ.

#22 · ಶರಾಫಕಟ್ಟೆ

ಹೊಸಕಾಸು ಅವರ ನಾಣ್ಯಕ್ಕೆ ಬರೋಣ. 11.44, ಸಾಂದ್ರತೆ 10.4ರ ಹತ್ತಿರ, ಎರಕದ ಗೆರೆ ಇಲ್ಲ, ಅಂಚಿನ ಬಿರುಕು ಸಹಜ, ಸೂರತ್ ಪೂರ್ತಿ ಓದಬಹುದು. ಚಿತ್ರದಲ್ಲಿ ಕಾಣುವಷ್ಟು ಮಟ್ಟಿಗೆ ಅಸಲಿ. ‘10’ ಹೊರಗೆ ಹೋಗಿರುವುದಕ್ಕೂ ಎರಡು ಮುದ್ರೆಗೂ ಬೆಲೆ ಇಳಿಸಿ ಕೇಳಿ.

ಚೀಟಿಯಲ್ಲಿ ಹೀಗೆ ಬರೆಯಿರಿ: ಸೂರತ್, ಹಿಜರಿ (10)98, ಆಳ್ವಿಕೆ ವರ್ಷ 31. ಎರಡೂ ವರ್ಷ ಇದ್ದರೆ ಒಂದು ಲಾಭವಿದೆ. 31ನೇ ವರ್ಷ ಶುರುವಾದದ್ದು 1098ರ ರಂಜಾನ್‌ನಲ್ಲಿ, 1687ರ ಜುಲೈ. ಹಿಜರಿ 1098 ಮುಗಿದದ್ದು ಅದೇ ನವೆಂಬರ್ ಮೊದಲ ವಾರ. ಅಂಕಿಗಳ ಪ್ರಕಾರ ನಿಮ್ಮ ರೂಪಾಯಿ ಆ ನಾಲ್ಕು ತಿಂಗಳ ಒಳಗಿನದು. ಗೋಲ್ಕೊಂಡ ಕೋಟೆ ಬಿದ್ದದ್ದು ಆ ಸೆಪ್ಟೆಂಬರ್‌ನಲ್ಲಿ.

#23 · ಹೊಸಕಾಸು

ಕೊಂಡಾಯಿತು. ಸಂದಿಯ ಹಸಿರು ಕಡ್ಡಿ ತಾಗಿಸಿದರೆ ಅಂಟುತ್ತದೆ, ಅಂದರೆ ಕವರಿನದು. ಅಸಿಟೋನ್ ತಂದಿದ್ದೇನೆ.

#24 · ಅಂಚುನೋಡು

ಗಾಜಿನ ಬಟ್ಟಲು. ಹತ್ತು ನಿಮಿಷ. ತೆಗೆದ ಮೇಲೆ ಒರೆಸಬೇಡಿ, ತಾನಾಗಿ ಆರಲಿ.